ಅಪ್ಪ ಆರಿಸಿದ ಸ್ಪೀಕರಿನಲ್ಲಿ ಕೇಳಿದ್ದು

ಅಪ್ಪಾ,

‘ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು’ ಎಂದು ಶುರು ಮಾಡಿದ್ದೆ, ಹೊಡೆದು ಹಾಕಿದೆ. ಹಾಗೆ ಬರೆದರೆ ‘ಇದನ್ನ ಯಾರಿಗೆ ಬರದಿಯವ್ವಾ?’ ಎಂದು ನೀನೇ ಕೇಳುತ್ತಿದ್ದೆ. ನೀನು ಹೋಗಿ ಐದು ತಿಂಗಳಾಯಿತು. ನಾನು ದಿನಾ ಬೆಟಗೇರಿಯಿಂದ ಕುರ್ತಕೋಟಿಯ ಶಾಲೆಗೆ ಬಸ್ಸು ಹಿಡಿದು ಹೋಗಿ ಬರುತ್ತೇನೆ. ಅವ್ವ ಈಗೀಗ ಪಲ್ಯಕ್ಕೆ ಖಾರ ಸರಿಯಾಗಿ ಹಾಕತೊಡಗಿದ್ದಾಳೆ. ನಿನ್ನ ಮಗ್ಗದ ಮೇಲೆ ಧೂಳು ಕೂರದಿರಲೆಂದು ಹಳೆಯ ಚಾದರ ಹೊದಿಸಿದ್ದೇವೆ. ನಿನಗೆ ಒಂದು ಮಾತು ಕೇಳುವುದಿದೆ, ಒಂದು ಸುದ್ದಿ ಹೇಳುವುದಿದೆ. ಎದುರಿಗಿದ್ದಾಗ ನನ್ನ ಬಾಯಿ ಬೇಡದ್ದನ್ನೆಲ್ಲ ಆಡಿತು, ಬೇಕಾದದ್ದನ್ನು ಮಾತ್ರ... ಇರಲಿ. ಮೊದಲಿನಿಂದಲೇ ಬರೆಯುತ್ತೇನೆ.

ಮುಂಡರಗಿಯಿಂದ ಮಾಸ್ತರರ ಫೋನು ಬಂದ ಆ ಭಾನುವಾರ ನಿನಗೆ ನೆನಪಿದೆಯೇ? ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳುವ ಮಾಸ್ತರರು; ಅವರಿಗೂ ಕಣ್ಣು ಕಾಣುವುದಿಲ್ಲ. ಆ ಮಕ್ಕಳ ಕನ್ನಡ ಪುಸ್ತಕವನ್ನು ಓದಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆಂದು ನಾನೇ ಮುಂದೆ ಬಿದ್ದು ಒಪ್ಪಿಕೊಂಡಿದ್ದೆ. ದಿನಾ ಮಧ್ಯಾಹ್ನ ಬೆಳಗಿನ ಶಾಲೆ ಮುಗಿಸಿ ಬಂದವಳೇ ನಡುಮನೆಯಲ್ಲಿ ಕುಳಿತು ಹತ್ತು ಪಾಠ ಓದಿ ಕಳಿಸಿಯೂ ಆಗಿತ್ತು. ಶಭಾಸ್ ಅನ್ನಲು ಫೋನು ಮಾಡಿದ್ದಾರೆ ಅಂದುಕೊಂಡೆ. “ಅಕ್ಕಾರ, ನಿಮ್ಮ ಓದು ಭಾಳ ಚಲೋ ಐತ್ರಿ,” ಎಂದೇ ಶುರು ಮಾಡಿದರು. “ಆದ್ರ ಹಿಂದ ಏನೋ ಬಡದಂಗ ಕೇಳ್ತೈತ್ರಿ. ಧಡ್ ಧಡ್ ಅಂತ. ಹುಡುಗ್ರ ಲಕ್ಷ್ಯ ಎಲ್ಲಾ ಅತ್ತಾಗ ಹೋಗ್ತೈತಿ. ನಿಮ್ಮ ಮನಿಯಾಗ ಏನರ ಮಶೀನ್ ನಡಿತೈತೇನ್ರಿ?” ನಾನು ಎಷ್ಟು ಠೀವಿಯಿಂದ ಹೇಳಿದೆ ನೋಡು: “ಇಲ್ರೀ ಸರ. ನಮ್ಮನಿ ಭಾಳ ಶಾಂತ ಐತ್ರಿ.” ಹಾಗೆ ಹೇಳುವಾಗ ಗೋಡೆಯಾಚೆ ನಿನ್ನ ಮಗ್ಗ ನಡೆದೇ ಇತ್ತು!

ಫೋನು ಇಟ್ಟವಳು ನಿನ್ನನ್ನೇ ಕರೆದೆ. ಕಂಪ್ಯೂಟರಿನ ಜೊತೆ ಬಂದಿದ್ದ ಆ ಎರಡು ಪ್ಲಾಸ್ಟಿಕ್ ಸ್ಪೀಕರುಗಳು, ಉಪ್ಪಿನ ಡಬ್ಬಿಯಷ್ಟಿದ್ದವಲ್ಲ, ಅವುಗಳ ಮುಂದೆ ಇಬ್ಬರೂ ಕುಳಿತು ಮೊದಲ ಪಾಠ ಕೇಳಿದೆವು. “ಏನೂ ಇಲ್ಲಲ್ಲವ್ವಾ, ನಿನ್ನ ದನಿ ಒಂದ ಐತಿ,” ಅಂದೆ ನೀನು. “ಮಾಸ್ತರ ಕಿವಿಯಾಗ ಬಡೀತಿರಬೇಕು ಬಿಡು,” ಅಂದೆ ನಾನು. ಆಗ ನೀನು ಗದರಿದೆ: “ಹಂಗನಬಾರ್ದು. ಅವರು ಕಿವಿಮ್ಯಾಲೆ ಬಾಳೇವು ಮಾಡೋ ಮಂದಿ. ಕೇಳೇತಿ ಅಂದ್ರ ಕೇಳೇತಿ.” ಆದರೂ ನಮ್ಮಿಬ್ಬರಲ್ಲಿ ಒಬ್ಬರಿಗೂ ಮಗ್ಗದ ನೆನಪಾಗಲಿಲ್ಲ. ಹೇಗೆ ಆದೀತು? ನಮ್ಮ ಓಣಿಯಲ್ಲಿ ಸಪ್ಪಳ ಅಂದರೆ ಮದುವೆಯ ಬ್ಯಾಂಡು, ನಳಕ್ಕೆ ನೀರು ಬಂದಾಗಿನ ಜಗಳ. ಮಗ್ಗವನ್ನು ಯಾರಾದರೂ ಸಪ್ಪಳದ ಲೆಕ್ಕಕ್ಕೆ ಹಿಡಿದದ್ದುಂಟೇ? ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಕೇಳಿದ್ದನ್ನು ಕಿವಿ ಕೇಳುವುದನ್ನೇ ಬಿಟ್ಟಿರುತ್ತದೆ. ನೇಕಾರರ ಊರು ಬಿಟ್ಟು ಬೇರೆ ಯಾವ ಊರಿನವರೂ ಇಂಥ ತಪ್ಪು ಮಾಡಲಾರರು.

ಸ್ಪೀಕರ್ ಕೊಳ್ಳಲು ಗದಗಿನ ಅಂಗಡಿಗೆ ಹೋದದ್ದು ನೆನೆದರೆ ಈಗಲೂ ನಗು ಬರುತ್ತದೆ. ಸಣ್ಣ ಸ್ಪೀಕರಿನಲ್ಲಿ ತಗ್ಗಿನ ದನಿ ಏಳುವುದಿಲ್ಲ, ಒಳ್ಳೆಯವು ಇದ್ದರೆ ನಿಮಗೇ ತಿಳಿಯುತ್ತದೆ ಎಂದು ಮಾಸ್ತರರು ಹೇಳಿದ್ದರು. ಅಂಗಡಿಯವ ನೆಲದ ಮೇಲೊಂದು ದೊಡ್ಡ ಡಬ್ಬ, ಅಕ್ಕಪಕ್ಕ ಎರಡು ಮರಿ ಇಟ್ಟು, ಕೆಂಪು ನೀಲಿ ದೀಪ ಕುಣಿಸಿದ. “ಕಾಕಾರ, ಬೇಸ್ ನೋಡ್ರಿ, ಕಿಡಕಿ ನಡಗತಾವ!” ನೀನು ತಣ್ಣಗೆ ಕೇಳಿದೆ, “ಕಿಡಕಿ ನಡಗಿಸಿ ಏನ ಮಾಡೂದೈತೋ ತಮ್ಮಾ? ನಮ್ಮ ಹುಡುಗಿ ಓದಿದ್ದು ಖರೆ ಹೆಂಗೈತಿ ಹಂಗ ಕೇಳಬೇಕು.” ನಾನು ಪೆನ್ ಡ್ರೈವಿನಲ್ಲಿ ನನ್ನದೇ ಪಾಠ ಒಯ್ದಿದ್ದೆ. ಹಾಡು ಹಾಕಿದರೆ ಎಲ್ಲವೂ ಚೆಂದವೇ ಕೇಳುತ್ತವೆ, ಗೊತ್ತಿರುವ ದನಿ ಹಾಕಿದರೆ ಗುಟ್ಟು ಬಯಲಾಗುತ್ತದೆ. ದೀಪದ ಸೆಟ್ಟಿನಲ್ಲಿ ನಾನು ಕೊಡದೊಳಗೆ ತಲೆ ಹಾಕಿ ಓದಿದಂತಿತ್ತು. ಇನ್ನೊಂದರಲ್ಲಿ ನನ್ನ ಸಕಾರಗಳೆಲ್ಲ ಒಗ್ಗರಣೆಯ ಸಾಸಿವೆಯಂತೆ ಸಿಡಿದವು.

ನೀನು ಮಾತ್ರ ಒಂದೊಂದರ ನೆತ್ತಿಯ ಮೇಲೂ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತಿದ್ದೆ. ಮಗ್ಗದಲ್ಲಿ ಯಾವ ಬೆಣೆ ಸಡಿಲಾಗಿದೆ ಎಂದು ನೋಡುವಾಗ ಹಾಗೇ ನಿಲ್ಲುತ್ತಿದ್ದೆಯಲ್ಲ. ಅಂಗಡಿಯವ ನನ್ನ ಮುಖ ನೋಡಿದ; ನನಗೆ ಕೊಂಚ ನಾಚಿಕೆಯಾಯಿತು, ಅದನ್ನೂ ಹೇಳಿಬಿಡುತ್ತೇನೆ. “ಪೆಟಗಿನ ನಡಗಾಕ ಹತ್ತಿದ್ರ ದನಿ ನೆಟ್ಟಗ ಹೆಂಗ ಬರಬೇಕು?” ಎಂದು ನೀನು ಅವನಿಗೇ ಪಾಠ ಹೇಳಿದೆ. ಕೊನೆಗೆ ಮೇಲಿನ ಹಲಗೆಯಿಂದ ಅವನು ಒಂದು ಜೋಡಿ ಇಳಿಸಿದ. ಕಟ್ಟಿಗೆಯ ಪೆಟ್ಟಿಗೆ, ದೀಪ ಇಲ್ಲ, ಏನೂ ಇಲ್ಲ. ಹಾಡು ರೆಕಾರ್ಡ್ ಮಾಡುವವರು ಮಾತ್ರ ಇದನ್ನು ಒಯ್ಯುತ್ತಾರೆ ಅಂದ. ಅದರಲ್ಲಿ ನಾನು ಉಗುಳು ನುಂಗಿದ್ದು ಕೂಡ ಕೇಳಿಸಿತು. ನೀನು ಕೈ ತೆಗೆಯದೆಯೇ ಹೇಳಿದೆ, “ಇದು ಸುಮ್ನ ನಿಂತೈತಿ ನೋಡು. ದನಿ ಅಷ್ಟ ಹೊರಗ ಬರ್ತೈತಿ. ಇದನ್ನ ಕೊಡೋ ತಮ್ಮಾ.” ರಸ್ತೆಯಲ್ಲಿ ಟಂಟಂ ರಿಕ್ಷಾಗಳ ಗದ್ದಲ, ಹಾಗಾಗಿ ಅಲ್ಲಿಯೂ ಆ ಧಡ್ ಧಡ್ ನಮಗೆ ಕೇಳಲಿಲ್ಲ.

ಮನೆಗೆ ಬಂದು ಅವನ್ನು ಕೂರಿಸಿದವನೂ ನೀನೇ. ಗೋಡೆಗೆ ಹಚ್ಚಿಟ್ಟರೆ ದನಿ ದಪ್ಪಗಾಗುತ್ತದೆಂದು ಒಂದು ಮೊಳ ಮುಂದೆ ಸರಿಸಿದೆ. ನನ್ನ ಕಿವಿಯ ಮಟ್ಟಕ್ಕೆ ಬರಲೆಂದು ಅಡಿಯಲ್ಲಿ ಹಲಗೆ ಕೊಟ್ಟೆ. “ಎರಡೂ ನಿನ್ನ ಮಾರಿ ನೋಡಬೇಕು,” ಎಂದು ಒಳಮುಖವಾಗಿ ತಿರುಗಿಸಿ, ಮಗ್ಗಕ್ಕೆ ಹೋದೆ. ನಾನು ಮೊದಲ ಪಾಠ ಹಾಕಿದೆ. ನಿನ್ನ ಮಗ್ಗ ಇನ್ನೂ ಶುರುವಾಗಿರಲಿಲ್ಲ, ಆದರೂ ನಾಲ್ಕು ಸಾಲು ಮುಗಿಯುವುದರೊಳಗೆ ಕೇಳಿಸಿತು. ಧಡ್, ಧಡ್. ನಡುವೆ ಒಂದು ಬಿಡುವು, ಮತ್ತೆ ಧಡ್. ಆ ಲಯ ಯಾರದೆಂದು ನನಗೆ ಯಾರಾದರೂ ಹೇಳಬೇಕಿತ್ತೇ? ಪೂರ್ತಿ ಪಾಠವನ್ನೂ ಕೇಳಲಿಲ್ಲ, ಉಳಿದ ಒಂಬತ್ತನ್ನು ತೆರೆದೂ ನೋಡಲಿಲ್ಲ, ಒಳಕ್ಕೆ ಓಡಿ ಬಂದೆ. “ನಿನ್ನ ಮಗ್ಗನ ಅಪ್ಪಾ! ಹತ್ತಕ್ಕ ಹತ್ತೂ ಪಾಠ ಕೆಡಿಸಿ ಇಟ್ಟೀ. ಈ ಧಡ್ ಧಡ್ ಇರೂತನಕ ಈ ಮನಿಯಾಗ ನನ್ನ ಕೆಲಸ ಆಗೂದಿಲ್ಲ!” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಮಕ್ಕಳಿಂದ ಹತ್ತು ಸಲ ಬರೆಸುವವಳು ನಾನು.

ನೀನು ಲಾಳಿಯನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದೆ. “ಮಗ್ಗದ್ದೂ ಸಪ್ಳ ಅಂತಾರೇನವ್ವಾ?” ಎಂದು ಕೇಳಿದೆ. ಸಿಟ್ಟಿನಿಂದಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದೆ. ನಾನು ತಿರುಗಿ ಹೊರಗೆ ಬಂದೆ.

ಮರುದಿನ ನಾನು ಓದಲು ಕೂರುವ ಹೊತ್ತಿಗೆ ನೀನು ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿ ನಿಂತಿದ್ದೆ. “ನೀ ಓದವ್ವಾ. ನಾ ಬೇವಿನ ಗಿಡದ ಕಟ್ಟಿಮ್ಯಾಲೆ ಕುಂತು ಬರ್ತೀನಿ.” ಸರಿ ಅಂದೆ. ಅಷ್ಟೇ. ಮಗ್ಗದ ಕೋಣೆಯ ಕಿಟಕಿ ಪಡುವಣಕ್ಕಿದೆ, ಸಣ್ಣ ಅಂಚಿನ ಕೆಲಸಕ್ಕೆ ನಿನಗೆ ಕಣ್ಣು ಸಾಗುತ್ತಿದ್ದುದೇ ಮಧ್ಯಾಹ್ನದ ಬೆಳಕಿನಲ್ಲಿ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. “ನಿಮ್ಮಪ್ಪನ ಕೈ ಕಟ್ಟಿ ಹಾಕಿದೆಲ್ಲ,” ಎಂದು ಅವ್ವ ಒಮ್ಮೆ ಗೊಣಗಿದಳು. ನೀನೇ ಅವಳ ಬಾಯಿ ಮುಚ್ಚಿಸಿದೆ. ಕೈಯಲ್ಲಿದ್ದ ಸೀರೆ ಮುಗಿದ ಮೇಲೆ ಮಗ್ಗಕ್ಕೆ ಹೊಸ ಹಾಸಿನ ನೂಲು ಹೂಡಲಿಲ್ಲ. ಯಾಕಪ್ಪಾ ಅಂದರೆ, “ಕೈ ದಣದಾವವ್ವಾ, ಒಂದೀಟು ಆರಲಿ,” ಅಂದೆ. ನಂಬಿದರೆ ನನಗೇ ಅನುಕೂಲ, ನಂಬಿದೆ.

ಆ ಗುರುವಾರ ನಾನು ಏಳನೆಯ ಪಾಠವನ್ನು ಎರಡನೆಯ ಸಲ ಓದುತ್ತಿದ್ದೆ. ಫೋನು ಬಂದ್ ಮಾಡಿ, ಬಾಗಿಲಿನ ಚಿಲಕ ಹಾಕಿದ್ದೆ. ಯಾರೋ ಬಾಗಿಲು ಬಡಿದರು. ನಾನು ಪ್ಯಾರಾ ಮುಗಿಸಿದೆ ಅಪ್ಪಾ. ಪ್ಯಾರಾ ಮುಗಿಸಿ, ‘ಒಂದು ಅರ್ಧ ತಾಸು ಸುಮ್ಮನಿರುವುದಿಲ್ಲವಲ್ಲ ಈ ಜನ’ ಎಂದು ಬೈದುಕೊಂಡೇ ಬಾಗಿಲು ತೆಗೆದೆ. ನೀನು ಕಟ್ಟೆಯ ಮೇಲೆ ಮರಕ್ಕೆ ಒರಗಿ ಕುಳಿತಿದ್ದವನು ಹಾಗೇ... ಎಲ್ಲಿದ್ದರೂ ಇದು ಆಗುವುದೇ ಇತ್ತು, ಎದೆಯದು ಹೀಗೆಯೇ ಎಂದರು ಡಾಕ್ಟರು. ಅಡರಕಟ್ಟಿಯಿಂದ ಬಂದ ಅವ್ವನ ಕಡೆಯವರು, “ಪುಣ್ಯಾತ್ಮ, ನರಳಲಿಲ್ಲ,” ಅಂದರು. ಇರಬಹುದು. ಆದರೆ ನಿನಗೆ ನಾನು ಕೇಳಬೇಕೆಂದಿದ್ದ ಮಾತು ಇದೇ: ಮನೆಯಲ್ಲಿ, ನಿನ್ನ ಮಗ್ಗದಲ್ಲಿ ಕುಳಿತಿದ್ದರೆ ಒಂದು ಸಲ ‘ಯವ್ವಾ’ ಎಂದು ಕರೆಯುತ್ತಿದ್ದೆಯಲ್ಲವೇ? ನಿನ್ನನ್ನು ಮನೆಯಿಂದ ಎಬ್ಬಿಸಿ ಕಳಿಸಿದವಳು ನಾನೇ ಅಲ್ಲವೇ?

ಆಮೇಲೆ ನನ್ನಿಂದ ಓದಲಾಗಲಿಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಮಾಸ್ತರರಿಗೆ ಹೇಳಿದೆ. “ನೋಡೂಣ್ರಿ ಅಕ್ಕಾರ, ಮನಸ ತಿಳಿ ಆಗಲಿ,” ಅಂದರು, ಒತ್ತಾಯ ಮಾಡಲಿಲ್ಲ. ಕಂಪ್ಯೂಟರಿನ ಮುಂದೆ ಕೂರುವುದನ್ನೇ ಬಿಟ್ಟಿದ್ದೆ.

ಹೋದ ವಾರ ಆ ಕೆಟ್ಟ ಹತ್ತು ಪಾಠಗಳನ್ನು ಅಳಿಸಿಬಿಡೋಣವೆಂದು ಕುಳಿತೆ. ಅಳಿಸುವ ಮುಂಚೆ ನಿನ್ನ ಮಗ್ಗವನ್ನಾದರೂ ಒಮ್ಮೆ ಕೇಳಬೇಕೆನಿಸಿತು. ಮೊದಲ ಪಾಠದಲ್ಲಿ ಉದ್ದಕ್ಕೂ ಇತ್ತು. ಎರಡನೆಯದು ಪತ್ರಲೇಖನ, ಅಲ್ಲಿಯೂ ಇತ್ತು. ಮೂರನೆಯದು ಮುದುಕಿ ಮತ್ತು ಅವಳ ಕಳೆದುಹೋದ ಕರುವಿನ ಕತೆ. ಕತೆಯ ಹೆಸರು ಓದುತ್ತಿದ್ದಂತೆ ಮಗ್ಗ ನಿಂತಿತು. ನೀರು ಕುಡಿಯಲು ಎದ್ದಿರಬೇಕು ಅಂದುಕೊಂಡೆ. ಕತೆ ಮುಗಿದು, ‘ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ’ ಎಂದು ನಾನು ಓದಿದ ಕೂಡಲೇ ಮತ್ತೆ ಶುರುವಾಯಿತು. ಆರನೆಯ ಪಾಠವೂ ಕತೆ, ಅಲ್ಲಿಯೂ ಹಾಗೇ. ಒಂಬತ್ತನೆಯದರಲ್ಲೂ ಹಾಗೇ. ವ್ಯಾಕರಣ ಬಂದರೆ ಲಾಳಿ ಓಡುತ್ತದೆ, ಕತೆ ಬಂದರೆ ನಿಲ್ಲುತ್ತದೆ! ಓದುವ ಹುರುಪಿನಲ್ಲಿ ನನ್ನ ಕಿವಿ ನನ್ನ ದನಿಯ ಮೇಲೇ ಇತ್ತು, ಆಗ ತಿಳಿಯಲಿಲ್ಲ. ಹತ್ತಕ್ಕೆ ಹತ್ತೂ ಕೆಡಿಸಿದೆ ಎಂದು ನಿನ್ನ ಮೇಲೆ ಹರಿಹಾಯ್ದೆನಲ್ಲ, ಮೂರು ಕತೆಗಳಲ್ಲಿ ಒಂದು ಸಪ್ಪಳವೂ ಇರಲಿಲ್ಲ.

ಮೂರನೆಯ ಪಾಠಕ್ಕೆ ಮರಳಿ, ದನಿ ಏರಿಸಿದೆ. ಮುದುಕಿ ಬಾವಿಕಟ್ಟೆಗೆ ಬಂದಳು ಎಂದು ನಾನು ಓದಿ ನಿಲ್ಲಿಸಿದ ಕಡೆ, ಗೋಡೆಯಾಚೆಯಿಂದ, ಬಹಳ ಮೆಲ್ಲಗೆ, “ಹೂಂ.” ಇನ್ನೊಂದು ವಾಕ್ಯ. “ಹೂಂ.” ಕರು ಸಿಗಲಿಲ್ಲ ಎಂದಾಗ, “ಅಯ್ಯ ಪಾಪ.” ನಾನು ಸಣ್ಣವಳಿದ್ದಾಗ ನೀನು ಕತೆ ಹೇಳುತ್ತ, ನಾನು ಹೂಂ ಅನ್ನುವುದು ಮರೆತರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆಯಲ್ಲ. “ಹೂಂ ಅನ್ನವರಿಲ್ದ ಕತಿ ಮುಂದಕ ಹೋಗೂದಿಲ್ಲವ್ವಾ.” ಕತೆ ಪೂರ್ತಿ ಕೇಳಲು ನನ್ನಿಂದಾಗಲಿಲ್ಲ, ಕಣ್ಣು ತುಂಬಿ ಅಲ್ಲಿಗೇ ನಿಲ್ಲಿಸಿ, ಅವ್ವನನ್ನು ಕರೆದು ಅಷ್ಟು ಕೇಳಿಸಿದೆ. ಅವಳು ಸೆರಗು ಬಾಯಿಗೊತ್ತಿಕೊಂಡು ಹೇಳಿದಳು, “ನನಗ ಗೊತ್ತಿತ್ತು. ಗ್ವಾಡಿಗೆ ಕಿವಿ ಹಚ್ಚಿ ಕುಂಡ್ರತಿದ್ರು. ‘ಆಕಿಗೆ ಹೇಳಬ್ಯಾಡ, ನಾಚಿ ಓದೂದು ನಿಂದರಸ್ತಾಳ’ ಅಂದಿದ್ರು.”

ನಾನು ನಿನ್ನಿಂದ ಮಗ್ಗ ಮಾತ್ರ ಕಿತ್ತುಕೊಂಡೆ ಎಂದು ಇಷ್ಟು ದಿನ ಅತ್ತಿದ್ದೆ. ಕಟ್ಟೆಗೆ ಕಳಿಸಿ ನಿನ್ನ ಕತೆಯನ್ನೂ ಕಿತ್ತುಕೊಂಡಿದ್ದೆ. ಹೋಗುವಾಗ ನೀನು ಅದನ್ನೂ ಹೇಳಲಿಲ್ಲ. ಒಂದು ಮಾತು ಅಂದಿದ್ದರೆ, ಮಗ್ಗ ನಿಲ್ಲಿಸಿ ಇಲ್ಲೇ ಕುಂತಿರ್ತೀನಿ ಅಂದಿದ್ದರೆ ನಾನು ಬೇಡ ಅನ್ನುತ್ತಿದ್ದೆನೇ? ತಪ್ಪಾಯಿತು ಅಪ್ಪಾ. ಇದನ್ನು ನಿನ್ನ ಮುಂದೆ ನಿಂತು ಹೇಳಬೇಕಿತ್ತು.

ಈಗ ಸುದ್ದಿ. ಆ ಮುದುಕಿಯ ಕತೆಯನ್ನು, ಪ್ರಶ್ನೆಗಳನ್ನು ಮಾತ್ರ ಕತ್ತರಿಸಿ, ಮೊನ್ನೆ ಮಾಸ್ತರರಿಗೆ ಮತ್ತೆ ಕಳಿಸಿದೆ. ನಿನ್ನೆ ಬೆಳಿಗ್ಗೆ ಫೋನು ಬಂತು. “ಅಕ್ಕಾರ, ಮೊದಲನೇ ಸಲ ಆ ಧಡ್ ಧಡ್ ಸಿಟ್ಟಿನಾಗ ನಾ ಇದನ್ನ ಪೂರಾ ಕೇಳೇ ಇರಲಿಲ್ರಿ. ಇದರಾಗ ಹೂಂ ಅನ್ನೋರು ಯಾರ್ರಿ?”

“ನಮ್ಮಪ್ಪರೀ ಸರ.”

“ಅದನ್ನ ತಗೀಬ್ಯಾಡ್ರಿ ಮತ್ತ. ತಡೀರಿ, ನೀವ ಕೇಳ್ರಿ,” ಎಂದು ಮಾಸ್ತರರು ಫೋನನ್ನು ತರಗತಿಯ ಕಡೆ ಹಿಡಿದರು. ನನ್ನ ಓದು ನಡೆದಿತ್ತು. ಒಂದು ಸಾಲು ಮುಗಿಯಿತು. “ಹೂಂ,” ಅಂದೆ ನೀನು. “ಹೂಂ,” ಅಂದವು ಅಷ್ಟೂ ಮಕ್ಕಳು. ಅಯ್ಯ ಪಾಪ ಎಂದೂ ಅಂದವು, ಒಂದು ಹುಡುಗಿ ನಿನಗಿಂತ ಮುಂಚೆಯೇ. ಕರು ಸಿಕ್ಕಿತು, ಕತೆ ಮುಗಿಯಿತು. ಆ ಕೊನೆಯನ್ನು ದನಿ ಏರಿಸಿ ನಾನು ಈತನಕ ಕೇಳಿರಲಿಲ್ಲ ಅಪ್ಪಾ. ನಾನು ಓದು ನಿಲ್ಲಿಸಿದ ಮೇಲೆ, ಗೋಡೆಯಾಚೆಯಿಂದ ನೀನು ಕೇಳಿದ್ದೀ: “ಮುಂದ?”

ಮಕ್ಕಳೂ ಕೇಳಿದವು, “ಮುಂದ?”

ಈ ಪತ್ರ ಮಡಚಿಟ್ಟು, ಓದಲು ಕೂರುತ್ತೇನೆ.

ನಿನ್ನ ಮಗಳು