ಅಮ್ಮನ ತಿಥಿಯ ಪಾಸ್‌ವರ್ಡ್

ಸಾ ಡೆಕ್
ಅಕ್ಟೋಬರ್ ೨೮

ಮಗಳೇ ಹುಯೆ,

ಹೇಗಿದ್ದೀಯ? ಕೆಮ್ಮು ನಿಂತಿತೇ? ದಾ ನಾಂಗ್‌ನ ಗಾಳಿ ನಿನಗೆ ಆಗುವುದಿಲ್ಲ ಎಂದೆ, ಕೇಳಲಿಲ್ಲ. ಇಷ್ಟು ವರ್ಷ ಹೆರಿಗೆ ಮಾಡಿಸಿದವಳಿಗೆ ಇನ್ನು ಅದೇನು ತರಬೇತಿಯೋ! ಹೊತ್ತಿಗೆ ಸರಿಯಾಗಿ ಅನ್ನ ಉಣ್ಣು. ನನ್ನ ಮಂಡಿಯ ಮಾತು ಬಿಡು. ಫೋನು ಯಾಕೆ ಮಾಡಲಿಲ್ಲ ಎಂದು ಮುನಿಸಿಕೊಳ್ಳಬೇಡ. ನಿನ್ನ ಫೋನಿಗೆ ಬಂದದ್ದೆಲ್ಲ ಮನೆಯ ಕಂಪ್ಯೂಟರಿಗೂ ಬರುತ್ತದಂತೆ. ಇನ್ನೆಲ್ಲಿಗೆ ಬರುತ್ತದೋ ಯಾರಿಗೆ ಗೊತ್ತು! ಅದಕ್ಕೇ ಈ ಕಾಗದ. ನಿನ್ನ ಚಿಕ್ಕಮ್ಮನೇ ಬಸ್ಸು ಹತ್ತಿ ತರುತ್ತಾಳೆ. ಓದಿ ಸುಟ್ಟುಬಿಡು.

ಮೊನ್ನೆ ನಿನ್ನ ಅಮ್ಮನ ತಿಥಿ ಮಾಡಿದೆ. ಎಳನೀರಿನಲ್ಲಿ ಬೇಯಿಸಿದ ಹಂದಿಮಾಂಸ, ಹಾಗಲಕಾಯಿ ಸಾರು, ಎಲ್ಲ ಅವಳಿಗೆ ಸೇರುವಂಥದ್ದೇ. ಓಣಿಯವರೆಲ್ಲ ಬಂದಿದ್ದರು. ಕರೆಯದೆ ಖಾಂಗ್ ಕೂಡ ಬಂದ. ಯಾರು ಗೊತ್ತಾಯಿತಲ್ಲ, ನೀನು ಹೆರಿಗೆ ಮಾಡಿಸಿದ ಚೌ ಇದ್ದಾಳಲ್ಲ, ಅವಳ ಕೈ ಮುರಿದ ಆ ಗಂಡ. ಅವಳನ್ನೂ ಮಗುವನ್ನೂ ನಾವಿಬ್ಬರೇ ದೋಣಿಯಲ್ಲಿ ವಿನ್ ಲಾಂಗ್‌ಗೆ, ಅವಳ ದೊಡ್ಡಮ್ಮನ ಮನೆಗೆ ಬಿಟ್ಟು ಬಂದದ್ದು ಓಣಿಗೆ ಗೊತ್ತಿರಲಿಲ್ಲ. ತಿಥಿಗೆ ಬಂದವನನ್ನು ಓಡಿಸುವುದು ಹೇಗೆ? ಬಡಿಸಿದೆ. “ಮಾಮಾ, ಅತ್ತೆಗೊಂದು ಊದುಬತ್ತಿ ಹಚ್ಚಿ ಬರ್ತೀನಿ” ಅಂತ ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಅಮ್ಮನ ಫೋಟೋದ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ. ನಾನೊಬ್ಬ ಕತ್ತೆ, ಬೆನ್ನು ಸವರಿದೆ. “ಇರಲಿ ಬಿಡೋ, ಬಾ, ಉಣ್ಣು” ಎಂದೆ. ಅವನು ಬಟ್ಟಲು ಮುಟ್ಟದೆ ಹೊರಟುಹೋದ. ಆಮೇಲೆ ಫೋಟೋದ ಪಕ್ಕದ ಮೇಜು ಒರೆಸುವಾಗ ಕಂಪ್ಯೂಟರಿಗೆ ಕೈ ತಗುಲಿತು. ಒಲೆಯಿಂದ ಇಳಿಸಿದ ಅನ್ನದ ಪಾತ್ರೆಯ ಹಾಗೆ ಬಿಸಿ! ಭಾನುವಾರ ಅದರಲ್ಲಿ ನಿನ್ನ ಮುಖ ನೋಡಿ ಮಾತಾಡಿದ ಮೇಲೆ ನಾನದನ್ನು ಮುಟ್ಟಿರಲಿಲ್ಲ.

ರಿಪೇರಿ ಅಂಗಡಿಯ ಡಾಟ್‌ನನ್ನು ಎಳೆದುಕೊಂಡು ಬಂದೆ. “ಪಾಸ್‌ವರ್ಡ್ ಏನಜ್ಜಾ?” ಅಂದ. “ಹೇಳಲ್ಲ, ಆ ಕಡೆ ತಿರುಗು” ಎಂದೆ. ನನಗೆ ನೆನಪಿರುವುದಿಲ್ಲವಲ್ಲ, ಅಮ್ಮನ ಫೋಟೋದ ಕೆಳಗೆ ಬರೆದ, ಅವಳು ತೀರಿಕೊಂಡ ತಾರೀಕು ನೋಡಿ ನೋಡಿ ಒಂದೊಂದೇ ಒತ್ತಿದೆ. ಅವನು ಆ ಕಡೆ ತಿರುಗದೆ ನನ್ನನ್ನೇ ನೋಡಿ ನಗುತ್ತಿದ್ದ. “ಬಾಗಿಲಿಗೆ ಬೀಗ ಹಾಕಿ, ಬೀಗದ ಕೈನೂ ಅಲ್ಲೇ ನೇತುಹಾಕಿ, ಊಟಕ್ಕೆ ಊರನ್ನೇ ಕರೆದಿದ್ದೀರಲ್ಲಜ್ಜಾ!” ಅಂದ. ಬಾಯಿಗೆ ಬಂದ ಹಾಗೆ ಬೈದೆ. ಬೈದರೇನು, ಅವನು ಹೇಳಿದ್ದು ನಿಜ. ಅರ್ಧ ಊರಿನ ಹೆಂಗಸರು ನಿನ್ನ ಮುಂದೆ ಬಾಯಿ ಬಿಡುತ್ತಾರೆ. ಅದನ್ನೆಲ್ಲ ಬರೆದಿಡುವವಳಿಗೆ ಇಷ್ಟು ಬುದ್ಧಿ ಬೇಡವೇ? ನಾನು ಓದದವನು. ನೀನು?

ಕಂಪ್ಯೂಟರಿನಲ್ಲಿ ಕೊನೆಯದಾಗಿ ಯಾರೋ ತೆರೆದಿದ್ದದ್ದು ಚೌ ಬಗ್ಗೆ ನೀನು ಬರೆದಿಟ್ಟ ಹಾಳೆ. ಹೆಸರು ಕಂಡ ಕೂಡಲೇ ಡಾಟ್‌ನ ಕಣ್ಣಿಗೆ ಕೈ ಅಡ್ಡ ಹಿಡಿದೆ, ನಾನೂ ಮುಂದೆ ಓದಲಿಲ್ಲ. ವೈರು ಕಿತ್ತು ವಿನ್ ಲಾಂಗ್‌ಗೆ ದೋಣಿ ಬಿಟ್ಟೆ. ದಾರಿಯುದ್ದಕ್ಕೂ ಹಿಂದಿನಿಂದ ಬಂದ ಪ್ರತಿ ಎಂಜಿನ್ನೂ ಅವನದೇ ಅನ್ನಿಸುತ್ತಿತ್ತು. ಚೌ ಅಂಗಳದಲ್ಲಿ ಸೊಪ್ಪು ತೊಳೆಯುತ್ತಿದ್ದಳು. ನನ್ನ ಮುಖ ನೋಡಿ, “ಮತ್ತೆ ಬಂದನಾ ಮಾಮಾ?” ಅಂದಳು, ಅಷ್ಟೇ. ಸೊಪ್ಪು ಅಲ್ಲೇ ಬಿಟ್ಟು ಮಗುವನ್ನು ಎತ್ತಿಕೊಂಡಳು. ಮಾರನೆಯ ಬೆಳಿಗ್ಗೆ ಖಾಂಗ್ ಆ ಬಾಗಿಲಲ್ಲಿ ನಿಂತಿದ್ದನಂತೆ. ತಾಯಿ ಮಗು ಈಗ ಎಲ್ಲಿದ್ದಾರೆ ಎಂದು ಇಲ್ಲಿ ಬರೆಯುವುದಿಲ್ಲ. ನೀನೂ ಎಲ್ಲಿಯೂ ಬರೆಯಬೇಡ.

ಕೊರಳಿಗೆ ಬಟ್ಟೆ ಸುತ್ತಿಕೊಂಡು ಮಲಗು. ಅಮ್ಮ ನಿನ್ನನ್ನು ಕಾಯಲಿ, ನನ್ನ ಕೈಲಿ ಆಗುತ್ತಿಲ್ಲ.

ನಿನ್ನ ಅಪ್ಪ

ಮರೆತೆ: ಖಾಂಗ್ ಪೆನ್‌ಡ್ರೈವ್ ಬೇರೆ ಚುಚ್ಚಿದ್ದನಂತೆ. ಚೌಳದ್ದೊಂದನ್ನೇ ಒಯ್ದನೋ, ಎಲ್ಲ ಹೆಂಗಸರದ್ದನ್ನೂ ಒಯ್ದನೋ ಡಾಟ್‌ಗೂ ತಿಳಿಯದು. ಅವರು ಯಾರ್ಯಾರು ಎಂದು ತೆರೆದು ನೋಡಲು ನನಗೆ ಹಕ್ಕಿಲ್ಲ, ನೋಡದೆ ಯಾರ ಬಾಗಿಲು ತಟ್ಟಲಿ? ತರಬೇತಿ ಹಾಳಾಗಲಿ, ಚಿಕ್ಕಮ್ಮನ ಜೊತೆಗೇ ಹೊರಟು ಬಾ. ದೋಣಿಗೆ ಎಣ್ಣೆ ತುಂಬಿಸಿಟ್ಟಿದ್ದೇನೆ. ಪಾಸ್‌ವರ್ಡ್ ಬದಲಾಯಿಸಿದ್ದೇನೆ. ನಾವು ಹಬ್ಬಕ್ಕೆ ಕೊಯ್ಯುತ್ತೇವೆ ಎಂದು ಹೆದರಿ ಚಿಕ್ಕವಳಿದ್ದಾಗ ನೀನು ಮಂಚದ ಕೆಳಗೆ ಬಚ್ಚಿಟ್ಟಿದ್ದ ಬಾತುಕೋಳಿಯ ಹೆಸರು, ಅದರ ಹಿಂದೆ ಆ ದಿನ ನೀನು ನನ್ನನ್ನು ಬೈದ ಬೈಗುಳ. ಅದರ ತಿಥಿಗೆ ನಾನು ಯಾರನ್ನೂ ಕರೆದಿಲ್ಲ.