ಕಾರ್ಬನ್ ಕೊಳವೆಗೆ ಗ್ರೀಸ್

8 ನವೆಂಬರ್ 2025, ಶನಿವಾರ, ಸಂಜೆ

ಬೆಳಿಗ್ಗೆಯಿಂದ ಅಂಗಡಿಯಲ್ಲಿ ಎರಡು ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತಿದೆ. ಸೊಂಟ ಬಿದ್ದುಹೋಗಿದೆ. ಮೂರು ಗಂಟೆಗೆ ಗೆಳೆಯ ವೇಣುಗೋಪಾಲ್ ಸೈಕಲ್ ತಳ್ಳಿಕೊಂಡು ಬಂದ. ಶುಗರ್ ಇದೆ, ಸೈಕಲ್ ತುಳಿ ಎಂದು ಡಾಕ್ಟರು ಹೇಳಿದ್ದಕ್ಕೆ ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ತಂದ ರೋಡ್ ಬೈಕ್. ಮುಂದಿನ ಗಾಲಿ ಹಿಡಿಯುವ ಫೋರ್ಕ್ ಕಾರ್ಬನ್ನಂತೆ. ಎರಡು ಬೆರಳಲ್ಲಿ ಎತ್ತಬಹುದು.

ಮುಂದಿನ ಬ್ರೇಕ್ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್. ಹೆಡ್‌ಸೆಟ್, ಅಂದರೆ ಹ್ಯಾಂಡಲ್ ಕೆಳಗಿನ ಬೇರಿಂಗ್, ಲೂಸು. ಫೋನಲ್ಲಿ ರಿಪೇರಿ ವಿಡಿಯೋ ಅರ್ಧ ನೋಡಿ ಬಿಚ್ಚಿದೆ. ಬೇರಿಂಗ್ ತೊಳೆದು ಗ್ರೀಸ್ ಹಾಕಿದೆ. ಹಾಗೇ ಹ್ಯಾಂಡಲ್ ಕೂರುವ ಫೋರ್ಕಿನ ಕೊಳವೆಗೂ ಉದ್ದಕ್ಕೆ ಸವರಿದೆ — ಇಪ್ಪತ್ತು ವರ್ಷದ ಅಭ್ಯಾಸ, ಒಣಗಿದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ಮೇಲಿನ ಬೋಲ್ಟ್, ಸದ್ದು ನಿಲ್ಲುವಷ್ಟು. ಆಮೇಲೆ ಹ್ಯಾಂಡಲನ್ನು ಆ ಕೊಳವೆಗೆ ಕಚ್ಚಿಸುವ ಪಕ್ಕದ ಎರಡು ಬೋಲ್ಟ್. ಜಾಸ್ತಿ ಬಿಗಿದರೆ ಕಾರ್ಬನ್ ಬಿರುಕು ಬಿಡುತ್ತದಂತೆ. ಮೆಲ್ಲಗೇ ಬಿಗಿದೆ.

"ಲೇ ಮುನೇಶಾ, ಮೋಟ್ರಾದ್ರೇನು ಸೈಕಲ್ಲಾದ್ರೇನು, ನಿಂಗೆಲ್ಲಾ ಒಂದೇ ಕಣೋ" ಅಂದ. ಉಬ್ಬಿಹೋದೆ.

9 ನವೆಂಬರ್, ಭಾನುವಾರ

ವೇಣು ಬಿದ್ದ. ಕುರುಡುಮಲೆ ದಾರಿಯಲ್ಲಿ, ಇಳಿಜಾರಿನ ತಿರುವು. ನಾನು ಹಿಂದೆ ಟಿವಿಎಸ್‌ನಲ್ಲಿದ್ದೆ. ತಿರುಗಲೇ ಇಲ್ಲ, ನೆಟ್ಟಗೆ ಹೋಗಿ ಮೋರಿ ಕಲ್ಲಿಗೆ ಗುದ್ದಿದ. ಬಲ ಮಣಿಕಟ್ಟು ಮುರಿದಿದೆ. ಗಲ್ಲಕ್ಕೆ ನಾಲ್ಕು ಹೊಲಿಗೆ.

ಆಸ್ಪತ್ರೆಯಲ್ಲಿ ಒಂದೇ ಮಾತು — "ತಿರುಗಿಸ್ದೆ ಅನ್ಕೊಂಡೆ ಕಣೋ. ಕೈ ನನ್ ಮಾತು ಕೇಳ್ಲೇ ಇಲ್ಲ." ಕೋಲಾರ–ಮುಳಬಾಗಿಲು ರೂಟಿನಲ್ಲಿ ಇಪ್ಪತ್ತೆರಡು ವರ್ಷ ಬಸ್ ಓಡಿಸಿದವನು. ಬಸ್ಸಿಗೆ ಒಂದು ಗೀರು ಬಿದ್ದಿಲ್ಲ.

10 ನವೆಂಬರ್, ಮಧ್ಯಾಹ್ನ

ಸೈಕಲ್ ಅಂಗಡಿಯಲ್ಲಿದೆ. ಗಾಲಿ ನೆಟ್ಟಗೆ, ಹ್ಯಾಂಡಲ್ ಓರೆ. ಬಿದ್ದ ಏಟಿಗೆ ಇರಬೇಕು... ಗಾಲಿಯನ್ನು ಮಂಡಿ ಮಧ್ಯೆ ಹಿಡಿದು ಹ್ಯಾಂಡಲ್ ತಿರುಗಿಸಿದೆ. ಸಲೀಸಾಗಿ ತಿರುಗಿತು. ಗಾಲಿ ಅಲ್ಲೇ ಇತ್ತು. ವಿಡಿಯೋದ ಉಳಿದರ್ಧ ಈಗ ನೋಡಿದೆ. ಹ್ಯಾಂಡಲ್ ಕಚ್ಚುವ ಜಾಗದಲ್ಲಿ ಕಾರ್ಬನ್ ಕೊಳವೆಗೆ ಗ್ರೀಸ್ ತಾಗಲೇಬಾರದಂತೆ. ಜಾರುತ್ತದಂತೆ.

ಅಯ್ಯೋ ದೇವರೇ. ನಾನೇ.

ಬಟ್ಟೆ ತೆಗೆದುಕೊಂಡು ಒರೆಸಿದೆ. ಯಾರೂ ಕೇಳಿರಲಿಲ್ಲ. ಆದರೂ ಜಿಡ್ಡು ಹೋಗುವ ತನಕ ಒರೆಸಿ, ಹ್ಯಾಂಡಲ್ ನೆಟ್ಟಗೆ ಕೂರಿಸಿ ಬಿಗಿದೆ. ಬಟ್ಟೆಯನ್ನು ಸುಟ್ಟೆ.

3 ಡಿಸೆಂಬರ್

ಇಷ್ಟು ದಿನ ಬರೆಯಲಿಲ್ಲ. ಅವನ ಮನೆ ಕಡೆಗೂ ಹೋಗಲಿಲ್ಲ. ಇವತ್ತು ಅವನ ಹೆಂಡತಿ ಸರಳಮ್ಮ ಮಿಕ್ಸಿ ರಿಪೇರಿಗೆ ತಂದಿದ್ದರು.

"ಯಾಕಣ್ಣಾ ಮನೆ ಕಡೆ ಬರ್ಲೇ ಇಲ್ಲ? ಅವ್ರು ದಿನಾ ಕೈ ನೋಡ್ಕೊಂಡು ಕೂತಿರ್ತಾರೆ. ಚೆನ್ನಾಗಿರೋ ಎಡಗೈಲಿ ಬಿಸಿ ಕಾಫಿ ಹಿಡ್ಕೊಳ್ಳೋಕೂ ಭಯ."

ಕೆಲಸ ಜಾಸ್ತಿ ಅಂದೆ. ಥೂ ನನ್ನ ಜನ್ಮಕ್ಕೆ.

23 ಡಿಸೆಂಬರ್

ನಿನ್ನೆ ಕಟ್ಟು ಬಿಚ್ಚಿದರಂತೆ. ವೇಣುವೇ ನಡೆದುಕೊಂಡು ಬಂದ. ಒಂದು ಬಿಳಿ ಹಾಳೆ ಮುಂದಿಟ್ಟ.

"ಬೆರಳು ಇನ್ನೂ ಮಡಚೋಕಾಗಲ್ಲ. ನಿನ್ ಅಕ್ಷರ ಚೆನ್ನಾಗೈತೆ, ಡಿಪೋಗೆ ಬರ್ಕೊಡು. ಸ್ಟೇರಿಂಗ್ ಬೇಡ, ಒಳಗಡೆ ಏನಾದ್ರೂ ಕೆಲ್ಸ ಕೊಡಿ ಅಂತ."

"ವಾಸಿಯಾಗುತ್ತೆ ಅಂದ್ರಂತಲ್ಲೋ ಡಾಕ್ಟ್ರು."

"ಬೀಳೋ ಮುಂಚೆ ಚೆನ್ನಾಗೇ ಇತ್ತಲ್ಲೋ ಕೈ! ಆದ್ರೂ ಕೈಕೊಡ್ತು. ನನ್ ಹಿಂದೆ ಐವತ್ತು ಜನ ಕೂತಿರ್ತಾರೆ ಕಣೋ."

ಅವನು ಹೇಳುತ್ತಾ ಹೋದ, ನಾನು ಬರೆದೆ. ‘ನನ್ನ ಕೈಗಳ ಮೇಲೆ ನನಗೇ ನಂಬಿಕೆ ಉಳಿದಿಲ್ಲ.’ ಒಂದು ಕಡೆಯೂ ಕಾಟು ಬೀಳಲಿಲ್ಲ. ಕೆಳಗೆ ಅವನು ಎಡಗೈಯಲ್ಲಿ ಸೊಟ್ಟಂಬಟ್ಟ ಸಹಿ ಹಾಕಿದ.

24 ಡಿಸೆಂಬರ್, ಮಧ್ಯಾಹ್ನ

ಕೊಟ್ಟು ಬಂದೆವು. ಎರಡು ದಿನ ಯೋಚನೆ ಮಾಡಪ್ಪ ಎಂದು ಡಿಪೋದವರು ಹೇಳಿದರು. ಅವನು ಕೇಳಲಿಲ್ಲ.

ವಾಪಸ್ ಬರುವಾಗ ಹೈವೇ ಪಕ್ಕ ಟಿವಿಎಸ್ ನಿಲ್ಲಿಸಿದೆ. ಹೇಳಿಬಿಡಬೇಕು ಎಂದೇ ನಿಲ್ಲಿಸಿದ್ದು.

"ಏಮ್ರಾ, ಏನಾಯ್ತು?"

"ಏನಿಲ್ಲ... ಬ್ರೇಕ್ ಯಾಕೋ..."

"ಇನ್ಮೇಲೆ ಡಿಪೋಲಿ ಬ್ರೇಕ್ ಕೆಲ್ಸಾನೇ ಕಲೀತೀನಿ, ಆಮೇಲೆ ನಾನೇ ರಿಪೇರಿ ಮಾಡ್ತೀನಿ ಬಿಡು" ಎಂದು ನಕ್ಕ. ಆರು ವಾರದ ಮೇಲೆ ನಕ್ಕಿದ್ದು. ಅವನ ಎರಡೂ ಕೈ ನನ್ನ ಭುಜದ ಮೇಲಿದ್ದವು. ಒಂಚೂರೂ ನಡುಗುತ್ತಿರಲಿಲ್ಲ. ನಾನು ಗಾಡಿ ಸ್ಟಾರ್ಟ್ ಮಾಡಿ, ಗ್ರೀಸಿನ ಮಾತು ಎತ್ತದೆಯೇ, ಅವನನ್ನು ಮನೆಗೆ ಬಿಟ್ಟು ಬಂದೆ.