ಹೆಂಗಸರ ಕೋಣೆಯ ಕಂಪ್ಯೂಟರ್

ತ್ಲೆಮ್ಸೆನ್
೧೪ ನವೆಂಬರ್ ೨೦೨೩, ಮಂಗಳವಾರ

ಓರಾನಿನಲ್ಲಿ ಅಣ್ಣನ ಮನೆಯ ಊಟ ಉಣ್ಣುತ್ತಿರುವ ಲಖ್ದರ್ ಅವರಿಗೆ, ಮನೆಯಲ್ಲೇ ಉಳಿದವಳ ಸಲಾಂ.

ಫೋನು ಮಾಡಬಹುದಿತ್ತು. ಮಾಡಿದರೆ ನೀವು ‘ಹೂಂ’ ಅನ್ನುತ್ತೀರಿ. ಎರಡನೆಯ ‘ಹೂಂ’ಗೆ ನನಗೆ ಸಿಟ್ಟು ಬರುತ್ತದೆ, ಮೂರನೆಯದಕ್ಕೆ ನಾನೇ ಇಟ್ಟುಬಿಡುತ್ತೇನೆ. ನಾಲ್ಕು ತಿಂಗಳಿಂದ ಗಂಡ ಹೆಂಡತಿಯ ಮಾತುಕತೆ ಎಂದರೆ ಇಷ್ಟೇ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಟ್ಯಾಕ್ಸಿಯ ಹಮೀದೂ ನಾಳೆ ಬೆಳಿಗ್ಗೆ ಇದನ್ನು ನಿಮ್ಮ ಅಣ್ಣನ ಅಂಗಡಿಗೆ ತಲುಪಿಸುತ್ತಾನೆ. ದಯವಿಟ್ಟು ಪೂರ್ತಿ ಓದಿ. ಅರ್ಧ ಓದಿ ಮಡಿಚಿ ಜೇಬಿಗೆ ಇಟ್ಟುಕೊಳ್ಳುವ ನಿಮ್ಮ ಅಭ್ಯಾಸ ನನಗೆ ಗೊತ್ತು.

ವಿಷಯ ಹಳೆಯದೇ. ಎಡಿಟಿಂಗ್ ಸಾಫ್ಟ್‌ವೇರ್ ಬದಲಿಸಬೇಕೋ ಬೇಡವೋ. ನೀವು ಮನೆ ಬಿಟ್ಟು ಹೋಗಲು ಕಾರಣವಾದ ಪ್ರಶ್ನೆಯನ್ನೇ ಮತ್ತೆ ನಿಮ್ಮ ಮುಂದೆ ಇಡುತ್ತಿದ್ದಾಳೆ ಎಂದು ನಗಬೇಡಿ. ಇದನ್ನು ಕೇಳಲು ನನಗೆ ಬೇರೆ ಯಾರಿದ್ದಾರೆ?

ದಣಿದಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಲಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳದೆ ಮೌಸ್ ಹಿಡಿಯಲಾಗುವುದಿಲ್ಲ. ಕನ್ನಡಕ ಈ ವರ್ಷದಲ್ಲೇ ಎರಡು ಸಲ ಬದಲಾಯಿತು. ಇದರ ಮೇಲೆ ನಮ್ಮ ರಶೀದಾ ಹೊಸ ಕ್ಯಾಮೆರಾ ತಂದಳು. ಆರು ವರ್ಷದಿಂದ ನನ್ನ ಜೊತೆ ಮದುವೆಗಳಲ್ಲಿ ಹೆಂಗಸರ ಕಡೆಯ ಚಿತ್ರೀಕರಣ ಮಾಡುತ್ತಿರುವವಳು, ಹಳೆಯ ಕ್ಯಾಮೆರಾ ಕೆಟ್ಟ ಮೇಲೆ ಇನ್ನೇನು ಮಾಡಿಯಾಳು? ಆದರೆ ಅದರಲ್ಲಿ ತೆಗೆದದ್ದನ್ನು ನನ್ನ ಹಳೆಯ ಸಾಫ್ಟ್‌ವೇರ್ ಒಪ್ಪುವುದೇ ಇಲ್ಲ. ಹಾಡು ಕೇಳುತ್ತದೆ, ತಮಟೆ ಕೇಳುತ್ತದೆ, ತೆರೆ ಮಾತ್ರ ಕಪ್ಪು. ಪ್ರತಿಯೊಂದು ತುಣುಕನ್ನೂ ಬೇರೆ ಕಡೆ ಹಾಕಿ ಹಳೆಯ ರೂಪಕ್ಕೆ ಇಳಿಸಿಕೊಂಡು ಆಮೇಲೆ ಕತ್ತರಿಸಲು ಕೂರಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ. ರಶೀದಾಳ ನಾಲಿಗೆ ನಿಮಗೆ ಗೊತ್ತಲ್ಲ. "ಯಮೀನಕ್ಕ, ಊರೆಲ್ಲ ಹಿಟ್ಟಿನ ಗಿರಣಿಗೆ ಹೋಗ್ತಿದೆ, ನೀವೊಬ್ರೇ ಬೀಸೋ ಕಲ್ಲು ಹಿಡ್ಕೊಂಡು ಕೂತಿದ್ದೀರಿ" ಅನ್ನುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ.

ಹೊಸದಕ್ಕೆ ಹೋಗದಿರಲು ನನಗಿದ್ದ ಕಾರಣವೂ ಸುಳ್ಳಲ್ಲ. ಅದು ತಿಂಗಳಿಗೊಮ್ಮೆ ನೆಟ್‌ಗೆ ಹೋಗಿ ಹಾಜರಿ ಹಾಕಿ ಬರಬೇಕು, ಇಲ್ಲದಿದ್ದರೆ ಕೆಲಸ ನಿಲ್ಲಿಸುತ್ತದೆ. ನನ್ನ ಕಂಪ್ಯೂಟರ್ ಇಪ್ಪತ್ತೆರಡು ವರ್ಷದಲ್ಲಿ ನೆಟ್ ಕಂಡಿರಲಿಲ್ಲ. ಯಂತ್ರ ಮೂರು ಬದಲಾದರೂ ಈ ಒಂದು ಮಾತು ಬದಲಾಗಿರಲಿಲ್ಲ. ಹಾಜ್ಜಾ ಖೈರಾ ಮೊದಲ ಸಲ ಹಿರಿಯ ಮಗಳ ಮದುವೆಯ ಚಿತ್ರೀಕರಣ ಕೊಡಲು ಬಂದಾಗ ಯಂತ್ರದ ಹಿಂದಿನ ವೈರನ್ನು ಬೆರಳಲ್ಲಿ ಹಿಡಿದು ಗೋಡೆಯವರೆಗೂ ಹೋಗಿ ನೋಡಿದ್ದರು, ಕರೆಂಟಿನದು ಒಂದೇ ತಾನೆ ಎಂದು. ತಲೆಯ ಬಟ್ಟೆ ತೆಗೆದಿಟ್ಟು, ತೋಳು ಬಿಟ್ಟುಕೊಂಡು, ವರ್ಷಗಟ್ಟಲೆ ಒಳಗಿಟ್ಟ ಕುಣಿತವನ್ನೆಲ್ಲ ಒಂದೇ ಮಧ್ಯಾಹ್ನ ಕುಣಿಯುವ ಹೆಂಗಸರು ಅವರು. ಗಂಡಸಿನ ಕಣ್ಣು ಬೀಳುವುದಿಲ್ಲ ಎಂಬ ನನ್ನ ಮಾತಿನ ಮೇಲೆ ಕುಣಿಯುತ್ತಾರೆ. ಕೆಲಸ ಮುಗಿದು ಡಿಸ್ಕ್ ಕೊಡುವ ದಿನ ವಧುವಿನ ಮನೆಯ ಹಿರಿಯಳೊಬ್ಬಳು ಪಕ್ಕದಲ್ಲಿ ಕಾಫಿ ಕುಡಿಯುತ್ತಾ ಕೂರುತ್ತಾಳೆ, ಅವಳ ಕಣ್ಣೆದುರೇ ಎಲ್ಲವನ್ನೂ ಅಳಿಸುತ್ತೇನೆ. ಉಳಿಯುವುದು ಚೂರುಪಾರು ಮಾತ್ರ. ಬಾಗಿಲ ಬಳಿಯ ಚಪ್ಪಲಿಗಳು, ಮಕ್ರೂದ್ ಸಿಹಿಯ ತಟ್ಟೆಗಳು, ಬೆಂಕಿಯ ಹತ್ತಿರ ಚರ್ಮ ಕಾಯಿಸಲು ಇಟ್ಟ ತಮಟೆ, ಎಲ್ಲರೂ ಹೋದ ಮೇಲಿನ ಕುರ್ಚಿಗಳು. ಮನುಷ್ಯರಿಲ್ಲದ ಇಂಥವನ್ನು ಕೇಳಿಕೊಂಡೇ ಇಟ್ಟುಕೊಳ್ಳುತ್ತಿದ್ದೆ. ಯಾಕೆ ಇಟ್ಟುಕೊಳ್ಳುತ್ತಿದ್ದೆ ಎಂದು ಆಗ ನನಗೇ ಗೊತ್ತಿರಲಿಲ್ಲ.

ಇದೆಲ್ಲ ನಿಮಗೆ ಗೊತ್ತು. ಗೊತ್ತಿದ್ದೂ ಜುಲೈನಲ್ಲಿ ನಾನು ರೆಮ್ಶಿ ಊರಿನ ಮದುವೆಗೆ ಹೋದ ದಿನ ಕಾಫಿ ಡಬ್ಬಿಯಿಂದ ನನ್ನ ಕೋಣೆಯ ಕೀಲಿ ತೆಗೆದಿರಿ. ಒಳಗೆ ಹೋಗಿ, ನಿಮ್ಮ ಫೋನಿನಿಂದ ನೆಟ್ ಕೊಟ್ಟು, ಹಳೆಯದನ್ನು ಕಿತ್ತು ಹೊಸ ಸಾಫ್ಟ್‌ವೇರ್ ಕೂರಿಸಿದಿರಿ. ನಾನು ಬರುವ ಹೊತ್ತಿಗೆ ಎಲ್ಲ ಸಿದ್ಧವಾಗಿರಬೇಕು, ನೋಡಿ ಸಂತೋಷಪಡಬೇಕು ಎಂದುಕೊಂಡಿದ್ದಿರಿ. ಅದನ್ನು ನಾನು ಆಗಲೂ ನಂಬಿದೆ, ಈಗಲೂ ನಂಬುತ್ತೇನೆ. ನನ್ನ ಮಣಿಕಟ್ಟಿಗೆ ಎಣ್ಣೆ ಕಾಯಿಸಿ ಕೊಡುತ್ತಿದ್ದವರು ನೀವೇ ಅಲ್ಲವೇ.

ಆದರೆ ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು, ನಾನು ಅರ್ಧ ಮಾಡಿಟ್ಟಿದ್ದ ಹಾಜ್ಜಾರ ಮೊಮ್ಮಗಳ ಮದುವೆಯನ್ನೇ ತೆರೆದಿರಿ. ಹೊಸದು ಹಳೆಯ ಪ್ರಾಜೆಕ್ಟನ್ನು ತೆರೆದು ತನ್ನ ರೂಪಕ್ಕೆ ಬದಲಿಸಿಕೊಂಡು ಅದರ ಮೇಲೇ ಉಳಿಸಿತು. ಇನ್ನು ಹಳೆಯದಕ್ಕೆ ಅದರ ಗುರುತೇ ಹತ್ತುವಂತಿರಲಿಲ್ಲ. ನಕಲು ಮಾಡಿಡದೇ ಇದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ. ಮೂರು ವಾರದ ಕೆಲಸ ಹೋಯಿತು ಎಂದು ನಾನು ಕೂಗಾಡಿದೆ, ಕೆಳಗಿನ ಮನೆಯವರು ಬಾಗಿಲು ತೆರೆದು ನಿಂತರು. ನೀವು ಮೆಲ್ಲಗೆ, "ನಿನ್ನ ಕೈಗೋಸ್ಕರ ಮಾಡಿದೆ ಕಣೇ. ನಾನೇನೂ ನೋಡಿಲ್ಲ, ತೆರೆಯುತ್ತಾ ಇಲ್ವಾ ಅಂತ ನೋಡಿದ್ದು ಅಷ್ಟೇ" ಅಂದಿರಿ. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತೇನೋ. ಸ್ವಲ್ಪ ಹೊತ್ತಾದ ಮೇಲೆ, ಕೈ ತೊಳೆಯುತ್ತಾ, ನನ್ನ ಕಡೆ ತಿರುಗದೆ ಇನ್ನೊಂದು ಮಾತು ಹೇಳಿದಿರಿ.

"ಆದ್ರೂ ಆ ಮದುಮಗಳು ಒಳಗೆ ಬರೋದು ಸ್ವಲ್ಪ ಉದ್ದ ಆಯ್ತು."

ಬಾಯಿಂದ ಬಂದ ಮೇಲೆ ನೀವೂ ನಲ್ಲಿ ನಿಲ್ಲಿಸಿದಿರಿ. ಹೋಗಿ ಎಂದೆ, ಹೋದಿರಿ.

ಇಷ್ಟು ದಿನ ಉಳಿದ ಸಿಟ್ಟು ಮೂರು ವಾರದ ಕೆಲಸಕ್ಕಲ್ಲ ಎಂದು ಈಗ ಹೇಳಬೇಕು. ಹಳೆಯ ಸಾಫ್ಟ್‌ವೇರನ್ನು ರಶೀದಾಳ ಅಕ್ಕನ ಮಗಳಿಂದ ಮತ್ತೆ ಹಾಕಿಸಿಕೊಂಡು, ಮೊದಲಿನಿಂದ ಕತ್ತರಿಸಿ, ಆಗಸ್ಟಿನಲ್ಲಿ ಮುಗಿಸಿದೆ. ಹಾಜ್ಜಾ ಡಿಸ್ಕ್ ತೆಗೆದುಕೊಳ್ಳಲು ಬಂದು, ಕಾಫಿ ಕೈಗೆ ತೆಗೆದುಕೊಂಡು, ಇಪ್ಪತ್ತೆರಡು ವರ್ಷದಿಂದ ಕೇಳುವುದನ್ನೇ ಕೇಳಿದರು, ಗಂಡಸಿನ ಕಣ್ಣು ಬಿದ್ದಿಲ್ಲ ತಾನೆ ಮಗಳೇ ಎಂದು. ಇಲ್ಲ ಎಂದೆ. ಬಾಯಿ ತಡವರಿಸಲಿಲ್ಲ. ನಿಜ ಹೇಳುವಾಗ ಎಷ್ಟು ಸಲೀಸಾಗಿ ಬರುತ್ತಿತ್ತೋ ಅಷ್ಟೇ ಸಲೀಸಾಗಿ ಆ ಸುಳ್ಳೂ ಬಂತು. ಅವರು ಹೋದ ಮೇಲೆ ಕೋಣೆಯಲ್ಲಿ ಕೂತು ತುಂಬಾ ಅತ್ತೆ. ನಿಮ್ಮ ಮೇಲಿನ ಸಿಟ್ಟು ಅಲ್ಲಿಂದ ಶುರುವಾದದ್ದು. ನೀವು ಬಾಗಿಲು ತೆರೆದಿರಿ, ಸುಳ್ಳು ನಾನು ಹೇಳಬೇಕಾಯಿತು.

ಕಳೆದ ಶನಿವಾರ ಹಾಜ್ಜಾರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಂದೆ. ಹೊರೆ ಹೊತ್ತು ಕುತ್ತಿಗೆ ಬಿದ್ದುಹೋಗಿತ್ತು, ಇಳಿಸಬೇಕಿತ್ತು. ಅವರು ಬಟಾಣಿ ಸುಲಿಯುತ್ತಿದ್ದರು. ಪೂರ್ತಿ ಕೇಳುವವರೆಗೂ ಕೈ ನಿಲ್ಲಿಸಲಿಲ್ಲ. ಲಖ್ದರ್ ಇದನ್ನು ಯಾರ ಹತ್ತಿರವಾದರೂ ಆಡಿದನೇ ಎಂದು ಕೇಳಿದರು. ಅವರು ನನ್ನ ಹತ್ತಿರವೇ ಮಾತಾಡುವವರಲ್ಲ ಎಂದೆ. ಮೊಮ್ಮಗಳಿಗೆ ತಾನೇ ಹೇಳುತ್ತೇನೆ ಎಂದರು. ಆಮೇಲೆ ತಟ್ಟೆ ಪಕ್ಕಕ್ಕಿಟ್ಟು, "ಕ್ಷಮಿಸೋದು ನನ್ನ ಕೈಲಿದೆ, ಕ್ಷಮಿಸಿದ್ದೀನಿ. ಆದ್ರೆ ವಸಂತಕ್ಕೆ ಚಿಕ್ಕ ಮೊಮ್ಮಗಳ ಮದುವೆ ಇದೆಯಲ್ಲ, ಅದು ನಿಂಗೆ ಬೇಡ. ಅವಳು ಇನ್ನು ನಿನ್ನ ಕ್ಯಾಮೆರಾ ಮುಂದೆ ಕುಣಿಯಲ್ಲ ಮಗಳೇ" ಎಂದರು. ಹೊರಡುವಾಗ ಒಂದು ಪೊಟ್ಟಣ ಬಟಾಣಿ ಕಟ್ಟಿಕೊಟ್ಟರು. ಸುದ್ದಿ ಆಗಲೇ ಹೆಂಗಸರು ಸೇರುವ ಹಮ್ಮಾಮಿನ ಸ್ನಾನದ ಮನೆಗೆ ಬಂದಿದೆಯಂತೆ, ನಿನ್ನೆ ಇನ್ನಿಬ್ಬರು ತಮ್ಮ ಮದುವೆ ಬೇರೆಯವರಿಗೆ ಕೊಟ್ಟಿದ್ದೇವೆ ಎಂದು ಹೇಳಿ ಕಳಿಸಿದರು. ಅವರ ಮೇಲೆ ನನಗೆ ಬೇಸರವಿಲ್ಲ.

ಹಾಜ್ಜಾರ ಮನೆಯಿಂದ ಬರುವಾಗ ಆ ಏರು ಹತ್ತಲಾಗದೆ ಮಧ್ಯದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೂತಲ್ಲಿ ನಿಮ್ಮ ನೆನಪು ಬಂತು. ಈ ಕೆಲಸ ಕಲಿಸಿದವರು ನೀವು. ಮುಂದಿನ ಕೋಣೆಯಲ್ಲಿ ಎರಡು ಟೇಪ್ ಯಂತ್ರ ಇಟ್ಟುಕೊಂಡು, ಗಂಡಸರ ಮೆರವಣಿಗೆಯ ಟೇಪುಗಳ ಮೇಲೆ ಮೂರು ತಿಂಗಳು ಕಲಿಸಿದಿರಿ. ನೋಡುವವರಿಗೆ ಸಾಕು ಅನ್ನಿಸುವುದಕ್ಕೆ ಒಂದು ಉಸಿರು ಮುಂಚೆ ಕತ್ತರಿಸು ಎಂದು ನನ್ನ ಬೆರಳ ಮೇಲೆ ಬೆರಳಿಟ್ಟು ತೋರಿಸಿದ್ದಿರಿ. ಆಮೇಲೆ ನಾನು ಒಳಗಿನ ಕೋಣೆಗೆ ಹೋಗಿ ಬೀಗ ಹಾಕಿಕೊಂಡೆ. ಅಲ್ಲಿಂದ ನಿಮ್ಮ ಗಂಡಸರ ಭಾಗವನ್ನು ನನ್ನ ಹೆಂಗಸರ ಭಾಗಕ್ಕೆ ಜೋಡಿಸುತ್ತಾ ಬಂದವಳು ನಾನು. ನೀವು ತೆಗೆದ ವರನ ಕುದುರೆ ಸವಾರಿಯನ್ನೆಲ್ಲ ಮೊಟಕು ಮಾಡಿದೆ, ನೀವು ಗೊಣಗಿದಿರಿ. ನನ್ನದನ್ನು ನೀವು ಮೊಟಕು ಮಾಡು ಅನ್ನುವ ಹಾಗೂ ಇರಲಿಲ್ಲ, ಚೆನ್ನಾಗಿದೆ ಅನ್ನುವ ಹಾಗೂ ಇರಲಿಲ್ಲ. ಕಲಿಸಿದ ಮೇಷ್ಟ್ರು ಒಂದು ದಿನವೂ ಹುಡುಗಿಯ ಪಾಟಿ ನೋಡಲಿಲ್ಲ. ಬೇರೆಯವರ ಮನೆಯಲ್ಲಿ ಡಿಸ್ಕ್ ಹಾಕಿದರೆ, ನನ್ನ ಭಾಗ ಶುರುವಾಗುವ ಹೊತ್ತಿಗೆ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದಿರಿ. ಅದು ನಿಮಗೆ ಎಷ್ಟು ಕಷ್ಟವಾಗಿತ್ತು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಅರ್ಥವಾಯಿತು ಎಂದ ಮಾತ್ರಕ್ಕೆ ನೀವು ಮಾಡಿದ್ದು ಸರಿ ಎಂದಲ್ಲ. ಆದರೆ ಅರ್ಥವಾಯಿತು.

ಇನ್ನು ಸಾಫ್ಟ್‌ವೇರ್. ಬದಲಿಸುತ್ತೇನೆ. ಹಳೆಯದರ ಜೊತೆ ಗುದ್ದಾಡುವ ಶಕ್ತಿ ನನಗಿಲ್ಲ. ಮದುವೆಯ ಚಿತ್ರಗಳನ್ನೆಲ್ಲ ಹೊರಗಿನ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇನೆ, ತಿಂಗಳ ಹಾಜರಿಯ ದಿನ ಅದನ್ನು ಕಳಚಿ ಬೀರುವಿಗೆ ಹಾಕಿ ಆಮೇಲೆ ನೆಟ್ ಕೊಡುತ್ತೇನೆ. ಇದನ್ನು ಬರುವ ಪ್ರತಿಯೊಬ್ಬರಿಗೂ ಮೊದಲೇ ಹೇಳುತ್ತೇನೆ, ಜುಲೈನಲ್ಲಿ ನಡೆದದ್ದನ್ನೂ ಹೇಳುತ್ತೇನೆ. ಕೇಳಿದ ಮೇಲೂ ಉಳಿಯುವವರು ಎಷ್ಟು ಜನವೋ ಅಷ್ಟು ಜನ.

ಕೂರಿಸಲು ನನಗೆ ಬರುವುದಿಲ್ಲ, ಅದು ನಿಮಗೂ ಗೊತ್ತು. ಮಾಡಿಸಲು ಊರಲ್ಲಿ ಬೇರೆಯವರಿದ್ದಾರೆ, ರಶೀದಾಳ ಅಕ್ಕನ ಮಗಳೇ ಮಾಡಿಕೊಡುತ್ತಾಳಂತೆ. ಬೇಡ ಎಂದೆ. ಯಾಕೆಂದರೆ ಲಖ್ದರ್, ಈಗ ಆ ಯಂತ್ರ ಖಾಲಿ ಇದೆ. ಕೊನೆಯ ಮದುವೆಯನ್ನು ಅಳಿಸಿ ಹತ್ತು ದಿನವಾಯಿತು, ಮುಂದಿನದು ಯಾವಾಗ ಬರುತ್ತದೋ ಗೊತ್ತಿಲ್ಲ. ನೀವು ನೋಡಬಾರದ್ದು ಆ ಕೋಣೆಯಲ್ಲಿ ಏನೂ ಇಲ್ಲದಿರುವುದು ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಬನ್ನಿ. ನನ್ನ ಕುರ್ಚಿಯಲ್ಲಿ ಕೂತು ಕೂರಿಸಿಕೊಡಿ. ಮೊದಲ ಮದುವೆ ಬಂದ ದಿನ ಬಾಗಿಲು ಮತ್ತೆ ಮುಚ್ಚುತ್ತದೆ, ಕೀಲಿ ನನ್ನ ಕೊರಳಲ್ಲಿರುತ್ತದೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಹಳೆಯದನ್ನು ತೆಗೆಯುವ ಮುಂಚೆ ಅದರಲ್ಲೊಂದು ಆರು ನಿಮಿಷದ ಚಿತ್ರ ಇದೆ, ನೋಡಿ. ಚಪ್ಪಲಿ, ತಟ್ಟೆ, ತಮಟೆ, ಕುರ್ಚಿ, ಅಷ್ಟೇ. ಒಂದು ಮುಖವಿಲ್ಲ, ಒಂದು ದನಿಯಿಲ್ಲ. ಹಳೆಯ ಸಾಫ್ಟ್‌ವೇರಿನಲ್ಲಿ ನಾನು ಮಾಡಿದ ಕೊನೆಯ ಕೆಲಸ, ನಿಮಗೆಂದೇ ಮಾಡಿದ್ದು. ಎಲ್ಲಿ ಉದ್ದವಾಗಿದೆ ಎಂದು ಹೇಳಿ. ನೋಡುವಾಗ ನಾನು ಹೊರಗೆ ನಿಂತಿರುತ್ತೇನೆ.

ನಿಮ್ಮ ಅಣ್ಣನಿಗೂ ಅತ್ತಿಗೆಗೂ ಸಲಾಂ ಹೇಳಿ. ಬರುವಾಗ ದಪ್ಪ ಕೋಟು ಹಾಕಿಕೊಳ್ಳಿ, ಇಲ್ಲಿ ಚಳಿ ಶುರುವಾಗಿದೆ.

ನೀವು ಕಲಿಸಿ, ಪಾಟಿ ನೋಡದೆ ಬಿಟ್ಟ
ಯಮೀನಾ

ಮರೆತಿದ್ದೆ: ಹಾಜ್ಜಾರ ಮೊಮ್ಮಗಳ ಮದುವೆಯನ್ನು ಎರಡನೆಯ ಸಲ ಕತ್ತರಿಸುವಾಗ, ಅವಳು ಒಳಗೆ ಬರುವುದನ್ನು ಹನ್ನೊಂದು ಸೆಕೆಂಡು ಕಡಿಮೆ ಮಾಡಿದೆ. ನೀವು ಮನೆ ಬಿಟ್ಟು ಆಗ ಐದೇ ದಿನವಾಗಿತ್ತು. ನೀವು ಹೇಳಿದ್ದೇ ಸರಿ, ಅದು ಉದ್ದವಾಗಿತ್ತು.